ಕೊಬ್ಬರಿ ಸೀಮೆಯ ಕೋಳಿ ರೊಟ್ಟಿ

ಕಿಬ್ಬನಹಳ್ಳಿ ಸುತ್ತಿನ ಬಾಡೂಟದ ಮನೆಗಳಲ್ಲಿ ಕೋಳಿ ಎಂದರೆ ಭಾನುವಾರದ ಮಾತು, ಇಲ್ಲವೇ ಯುಗಾದಿ ಮರುದಿನದ ಹೊಸತೊಡಕಿನ ಮಾತು. ವಾರದ ನಡುವೆ, ತೋಟದಿಂದಲೋ ಕೆಲಸದಿಂದಲೋ ದಣಿದು ಬಂದ ಸಂಜೆ, ಅದರ ಸುದ್ದಿ ಎತ್ತುವವರು ಕಡಿಮೆ. ಕಾರಣ ಕೇಳಿದರೆ 'ಅದಕ್ಕೆಲ್ಲ ಹೊತ್ತು ಬೇಕು' ಎನ್ನುತ್ತಾರೆ. ಹೊತ್ತು ಬೇಕಾದದ್ದು ಕೋಳಿಗಲ್ಲ, ಸಾರಿಗೆ. ಆರು ವಾರಕ್ಕೇ ಅಂಗಡಿ ಸೇರುವ ಫಾರಂ ಕೋಳಿಯ ಮೂಳೆ ತೆಗೆದ ಮಾಂಸವನ್ನು ಸಣ್ಣಗೆ ಹೆಚ್ಚಿದರೆ ಹತ್ತು ನಿಮಿಷದಲ್ಲಿ ಬೆಂದಿರುತ್ತದೆ. ಧನಿಯ, ಮೆಣಸಿನಕಾಯಿ ಹುರಿದು, ಕಾಯಿ ಒಡೆದು ತುರಿದು, ಖಾರ ರುಬ್ಬಿ, ಕುದಿಸಿ, ಕೊನೆಗೆ ಮುದ್ದೆಗೆ ಎಸರಿಡುವಷ್ಟರಲ್ಲಿ ಮಕ್ಕಳು ತೂಕಡಿಸುತ್ತಿರುತ್ತವೆ. ಹಾಗಾದರೆ ವಾರದ ದಿನ ಕೈಬಿಡಬೇಕಾದದ್ದು ಸಾರನ್ನು, ಕೋಳಿಯನ್ನಲ್ಲ. ಕೋಳಿಯನ್ನು ರೊಟ್ಟಿಯೊಳಗೇ ಸೇರಿಸಿದರೆ ಅಡುಗೆ ಮುಗಿಯಿತು. ಅದಕ್ಕೆ ಬೇಕಾದ ಮುಖ್ಯ ಸಾಮಾನು ಈ ಸೀಮೆಯ ಅಟ್ಟದ ಮೇಲೇ ಇದೆ.

ಅಕ್ಕಿಯಲ್ಲಾಗಲಿ ರಾಗಿಯಲ್ಲಾಗಲಿ ಗೋಧಿಯ ಜಿಗುಟಿಲ್ಲ. ಕುದಿನೀರು ಹುಯ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುವುದರಿಂದಲೇ ರೊಟ್ಟಿ ಕೈಗೆ ನಿಲ್ಲುತ್ತದೆ. ಹುಳಿ ಬರಿಸುವ, ನೆನೆಯಲು ಬಿಡುವ ಕೆಲಸ ಇಲ್ಲ. ತೊಡಕಿರುವುದು ಕೋಳಿ ಬಿಡುವ ನೀರಿನಲ್ಲಿ. ಆ ನೀರು ಹಿಟ್ಟಿಗಿಳಿದರೆ ರೊಟ್ಟಿ ತಟ್ಟುವಾಗಲೇ ಹರಿಯುತ್ತದೆ. ಇಲ್ಲಿ ಹಸಿ ತೆಂಗಿನಕಾಯಿ ತುರಿ ಹಾಕಿದರೆ ಕೆಲಸ ಇನ್ನೂ ಕೆಡುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ತನ್ನಷ್ಟಕ್ಕೆ ಒಣಗಿದ ಉಂಡೆ ಕೊಬ್ಬರಿಯಲ್ಲಾದರೋ ನೀರು ನೂರಕ್ಕೆ ಆರೇಳು ಪಾಲು, ಎಣ್ಣೆ ಅರವತ್ತಕ್ಕೂ ಮೇಲೆ. ಅದರ ತುರಿ ಕೋಳಿಯ ರಸವನ್ನು ಹೀರಿಕೊಂಡು, ಕಾವಲಿ ಕಾದಾಗ ಎಣ್ಣೆ ಬಿಡುತ್ತದೆ. ನಾಲ್ಕು ಜನಕ್ಕೆ ಕಾಲು ಕೆ.ಜಿ. ಮಾಂಸ ಸಾಕು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ, ಉಪ್ಪಿನ ಜೊತೆ ನೀರು ಇಂಗುವವರೆಗೆ ಹುರಿದು, ಒಂದು ಹಿಡಿ ಕೊಬ್ಬರಿ ತುರಿ, ಸಬ್ಬಸಿಗೆ ಸೊಪ್ಪು ಬೆರೆಸಿ ಹಿಟ್ಟಿಗೆ ಸೇರಿಸಬೇಕು. ಬಾಳೆಲೆಯ ಮೇಲೋ ಒದ್ದೆ ಬಟ್ಟೆಯ ಮೇಲೋ ತಟ್ಟಿ ಕಾವಲಿಗೆ ಹಾಕಿ ಮುಚ್ಚಿದರೆ ಆಯಿತು. ಹಸಿ ಮಾಂಸವನ್ನೇ ಹಿಟ್ಟಿಗೆ ಕಲಸುವ ಆತುರ ಮಾತ್ರ ಬೇಡ; ಮಾಂಸ ಬೇಯುವ ಮೊದಲೇ ರೊಟ್ಟಿ ಸೀಯುತ್ತದೆ.

ಮಾರುವ ಮಾಲನ್ನು ಒಲೆಗೆ ಹಾಕುವುದೇ ಎಂದು ಬೆಳೆಗಾರರು ಕೇಳಬಹುದು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಆ ಲೆಕ್ಕದಲ್ಲಿ ಮೂವತ್ತು ಗ್ರಾಮಿನ ಒಂದು ಹಿಡಿಗೆ ನಾಲ್ಕು ರೂಪಾಯಿಯೂ ಆಗದು. ತಿಪಟೂರು ಪೇಟೆಯಲ್ಲಿ ಧಾರಣೆ ಅದರ ಎರಡರಷ್ಟಾದರೂ ಎಂಟರ ಒಳಗೇ. ಅಲ್ಲದೆ ಚಿಪ್ಪು ಒಡೆಯುವಾಗ ಹೋಳಾದ ಕೊಬ್ಬರಿಗೆ ಇಡೀ ಉಂಡೆಯ ಬೆಲೆ ಸಿಗುವುದಿಲ್ಲ, ಅದೇ ಅಡುಗೆಗೆ ಬರಲಿ. ಇನ್ನು, ತಿಪಟೂರು-ತುಮಕೂರು ರಸ್ತೆಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ರಸ್ತೆಗಳು ಕೂಡುವ ಕಿಬ್ಬನಹಳ್ಳಿ ಕ್ರಾಸಿನಂಥ ಕಡೆ ಪರೋಟ ಕಟ್ಟಿಸಿಕೊಂಡು ಬಂದರೆ ಆಗದೇ ಎನ್ನುವವರಿದ್ದಾರೆ. ಆಗುತ್ತದೆ, ಆದರೆ ಹೋಗಿ, ಕಾದು, ತರುವ ಹೊತ್ತಿಗೆ ಮನೆಯಲ್ಲಿ ರೊಟ್ಟಿಯೇ ಬೆಂದಿರುತ್ತದೆ, ಮೈದಾ ತಿನ್ನುವುದೂ ತಪ್ಪುತ್ತದೆ. ಸೋಮವಾರ, ಶನಿವಾರ ಹಿಡಿಯುವ ಮನೆಗಳಿಗೂ ಮಿಕ್ಕ ದಿನಗಳುಂಟು.

ಗಟ್ಟಿಯಾದ ಆಕ್ಷೇಪ ಒಂದೇ: ಇದರಲ್ಲಿ ಸಾರಿನ ರುಚಿ ಇಲ್ಲ. ನಿಜ, ಇಲ್ಲ. ಮೂಳೆಯ ಸಾರ ಇಳಿಯಲು ನಿಧಾನ ಉರಿ ಬೇಕು, ನಾಟಿ ಕೋಳಿಯಾದರೆ ಅದರ ಗಟ್ಟಿ ಮಾಂಸಕ್ಕೆ ಇನ್ನೂ ಹೊತ್ತು ಬೇಕು. ಅದನ್ನು ರೊಟ್ಟಿಯೊಳಗೆ ತುರುಕಿದರೆ ಕೋಳಿಯೂ ಹಾಳು, ರೊಟ್ಟಿಯೂ ಹಾಳು. ನಾಟಿ ಕೋಳಿ, ಮುದ್ದೆ, ಸಾರು ಭಾನುವಾರಕ್ಕೇ ಇರಲಿ. ಬುಧವಾರ ಸಂಜೆ ಕಾಲು ಕೆ.ಜಿ. ಫಾರಂ ಕೋಳಿ ತಂದವರು ಕಾಯಿ ಒಡೆಯಲು ಹೋಗದೆ ಒಡಕು ಕೊಬ್ಬರಿ ಹುಡುಕಲಿ; ಮಿಕ್ಸಿ ತೊಳೆಯುವ ಕೆಲಸವೂ ತಪ್ಪುತ್ತದೆ.