ಈ ಪಾಕ ತಿನ್ನೋಕಲ್ಲ

ಸಕ್ಕರೆ, ನಿಂಬೆರಸ, ನೀರು. ಇದರಲ್ಲಿ ಪಾನಕ ಮಾಡಬಹುದು ಅಂತ ನಮಗೆಲ್ಲಾ ಗೊತ್ತು. ಕೈಕಾಲಿನ ಕೂದಲನ್ನೂ ಕೀಳಬಹುದು ಅಂತ ನನಗೆ ಗೊತ್ತಾಗಿದ್ದು 'ಕ್ಯಾರಮೆಲ್' ನೋಡಿದಾಗ. ನದೀನ್ ಲಬಕಿ ನಿರ್ದೇಶಿಸಿದ, 2007ರ ಲೆಬನಾನಿನ ಸಿನಿಮಾ. ಬೈರೂತಿನ ಒಂದು ಬ್ಯೂಟಿ ಪಾರ್ಲರ್, ಅಲ್ಲಿನ ಹೆಂಗಸರ ಕಷ್ಟಸುಖ. ಹೆಸರಿನ ಕ್ಯಾರಮೆಲ್ಲು ಐಸ್‌ಕ್ರೀಮ್ ಮೇಲೆ ಸುರಿಯೋದಲ್ಲ, ಇದೇ ಪಾಕ! ಈಜಿಪ್ಟಿನಲ್ಲಿ ಇದಕ್ಕೆ 'ಹಲಾವ' ಅಂತಾರೆ. ನಮ್ಮ ಹಲ್ವಾ ಬಂದಿದ್ದೂ ಅದೇ ಅರಬ್ಬಿ ಮೂಲದಿಂದ.

ನನ್ನ ತಂಗಿಗೆ ಹತ್ತೊಂಬತ್ತು. ಕೈಮೇಲೆ ಕೂದಲು ಸ್ವಲ್ಪ ಜಾಸ್ತಿ. ಹೈಸ್ಕೂಲಲ್ಲಿ ಯಾರೋ ಏನೋ ಅಂದರಂತೆ, ಅವತ್ತಿಂದ ಏಪ್ರಿಲ್ ಬಿಸಿಲಲ್ಲೂ ಪೂರ್ತಿ ತೋಳಿನ ಚೂಡಿದಾರ್. ಒಂದ್ಸಲ ಪಾರ್ಲರಿಗೆ ಕರಕೊಂಡು ಹೋಗಿದ್ದೆ. ಅಲ್ಲಿದ್ದವಳು ಇವಳ ಕೈ ಹಿಡಿದು, ಪಕ್ಕದವಳನ್ನ ಕರೆದು ತೋರಿಸಿದಳು. ಇವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಕೂದಲಿದ್ರೆ ಏನೀಗ?" ಅಂತ ಭಾಷಣ ಬಿಗಿಯೋಕೆ ನಂಗೂ ಬರುತ್ತೆ. ಆದರೆ ತಿಂಗಳಿಗೊಮ್ಮೆ ತೆಗೆಸಿಕೊಂಡು ಆಫೀಸಿಗೆ ಹೋಗುವ ನಾನು ಅದನ್ನ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಒಂದು ಭಾನುವಾರ ಒಲೆ ಹಚ್ಚಿದೆ.

ಒಂದು ಲೋಟ ಸಕ್ಕರೆಗೆ ಎರಡು ದೊಡ್ಡ ಚಮಚ ನಿಂಬೆರಸ, ಅಷ್ಟೇ ನೀರು. ನಿಂಬೆ ಬರೀ ಪರಿಮಳಕ್ಕಲ್ಲ. ಅದರ ಹುಳಿ ಸಕ್ಕರೆಯನ್ನ ಗ್ಲೂಕೋಸು, ಫ್ರಕ್ಟೋಸು ಅಂತ ಒಡೆಯುತ್ತೆ, ಆಗ ಪಾಕ ಆರಿದ ಮೇಲೆ ಹರಳುಗಟ್ಟಲ್ಲ. ಸುಮಾರು 120 ಡಿಗ್ರಿಗೆ ಇಳಿಸಬೇಕು. ಥರ್ಮಾಮೀಟರ್ ಇಲ್ಲ ಅಂತ ನಾನು ಪೇಚಾಡ್ತಿದ್ದರೆ ಅಮ್ಮ ಬಂದು, "ಏನೇ ಇದು, ಯಾವ ಹಬ್ಬ?" ಅಂದಳು. ಹೇಳಿದೆ. ಮುಖ ಕಿವುಚಿದಳು. "ನಾವೆಲ್ಲಾ ಹಿಂಗೇ ಬದುಕಲಿಲ್ವಾ?" ಆದರೆ ಪಾಕ ಕೆಡ್ತಿದ್ದರೆ ಸುಮ್ಮನೆ ನೋಡೋ ಜಾತಿ ಅಲ್ಲ ನಮ್ಮಮ್ಮ. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಒಟ್ಟು ಮಾಡಿ, "ಉಂಡೆ ಕಟ್ತು, ಇಳಿಸು. ಟಣ್ ಅಂದ್ರೆ ಕಡ್ಲೆಮಿಠಾಯಿಗಷ್ಟೇ ಆಗೋದು" ಅಂದಳು. ಜೇನಿನ ಬಣ್ಣ ಬಂದಿತ್ತು.

ಮಾಡೋರಿಗೆ ಒಂದು ಮಾತು: ಇದು ಕುದಿಯೋ ನೀರಿಗಿಂತ ಬಿಸಿ, ಚರ್ಮಕ್ಕೆ ಹತ್ತಿದರೆ ಬಿಡಲ್ಲ. ಉಗುರುಬೆಚ್ಚಗಾಗೋ ತನಕ ಕಾಯಲೇಬೇಕು. ಆಮೇಲೆ ಹೊಳಪು ಹೋಗೋವರೆಗೆ ನಾದಿ, ಕೈಗೆ ಪೌಡರ್ ಹಾಕಿ, ಕೂದಲು ಬೆಳೆಯೋ ದಿಕ್ಕಿಗೆ ಎದುರಾಗಿ ಮೆತ್ತಬೇಕು; ಚರ್ಮ ಬಿಗಿಯಾಗಿ ಹಿಡಿದು, ಬೆಳೆಯೋ ದಿಕ್ಕಿಗೇ ಪಟ್ ಅಂತ ಎಳೀಬೇಕು. ಮೇಣಕ್ಕೆ ಇದು ಉಲ್ಟಾ. ಅಂಟು ಉಳಿದರೆ ನೀರಲ್ಲಿ ತೊಳೆದರೆ ಹೋಯ್ತು. ನೋವಾಗಲ್ಲ ಅಂತ ಬರೆಯೋರನ್ನ ನಂಬಬೇಡಿ :)

ಒಂದು ಕೈ ಮುಗಿಯೋಕೆ ಮುಕ್ಕಾಲು ಗಂಟೆ. ತಂಗಿ "ಅಕ್ಕಾ, ಮೇಲ್ದುಟಿಗೂ" ಅಂದಳು. ನಾನು ಒಪ್ಪಲಿಲ್ಲ. ಮೊಡವೆಗೆ ಅಂತ ರೆಟಿನಾಯ್ಡ್ ಕ್ರೀಮ್ ಹಚ್ಚಿಕೊಳ್ತಾಳೆ, ಅಂಥಾ ಚರ್ಮ ಕೂದಲ ಜೊತೆ ತಾನೂ ಎದ್ದು ಬರುತ್ತೆ. ಮುನಿಸಿಕೊಂಡಳು. ಇನ್ನೊಂದು ವಿಷಯವನ್ನೂ ಅವತ್ತೇ ಹೇಳಿದೆ: ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗ್ತಾ, ಗಲ್ಲದ ಮೇಲೂ ಕೂದಲು ಬರ್ತಿದೆ ಅಂದರೆ ಅದು ಪಿಸಿಓಎಸ್ ಇರಬಹುದು, ಡಾಕ್ಟರ್ ನೋಡಬೇಕು. ಪಾಕ ಕೂದಲನ್ನ ಕೀಳುತ್ತೆ, ಹಾರ್ಮೋನನ್ನಲ್ಲ. ಅವಳು ಮಾತಾಡಲಿಲ್ಲ. ಅಮ್ಮನೇ "ಗುರುವಾರ ನಾನು ಕರಕೊಂಡು ಹೋಗ್ತೀನಿ" ಅಂದಳು. ಅಷ್ಟು ಹೊತ್ತೂ ಬಾಗಿಲ ಹತ್ತಿರವೇ ನಿಂತಿದ್ದಳು ಅಂತ ಆಗಲೇ ಗೊತ್ತಾಗಿದ್ದು.

ಇನ್ನೊಂದು ಕೈನೂ ಮುಗೀತು. ತಳದಲ್ಲಿ ನಿಂಬೆಹಣ್ಣಿನ ಗಾತ್ರದ ಪಾಕ ಉಳಿದಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತು, ಕಿಟಕಿ ಬೆಳಕಿಗೆ ಗಲ್ಲ ಎತ್ತಿ, "ಇಲ್ಲಿ ನಾಲ್ಕಿದೆ, ಬರುತ್ತಾ ನೋಡು" ಅಂದಳು.

ತಂಗಿ ಕೈಯಲ್ಲೇ ಮಾಡಿಸಿದೆ. ಮೂರು ಬಂತು.