ಸಾಧನಕೇರಿಯ ದಂಡೆಯಲ್ಲಿ ಒಂದು ದಿನ

ಮೇ ತಿಂಗಳ ನಡುವೆ ಧಾರವಾಡದಲ್ಲಿ ಅಡ್ಡಮಳೆ ಬಿದ್ದ ಮರುದಿನದ ಬೆಳಗು ಬಹು ಸೊಗಸಾಗಿರುತ್ತದೆ. ಅಂಥ ಒಂದು ಬೆಳಗ್ಗೆ ನಾವು ಜೀವಶಾಸ್ತ್ರ ಓದುತ್ತಿರುವ ತರುಣನೊಬ್ಬನೊಡನೆ ಸಾಧನಕೇರಿಗೆ ಹೋದೆವು. ವರಕವಿ ಬೇಂದ್ರೆಯವರು (1896–1981) ಬಾಳಿದ ಈ ಕೇರಿಯಲ್ಲಿ ಚಿಟ್ಟೆ ಎನ್ನಲು ನಾಲಗೆ ಏಳದು. ಪಾತರಗಿತ್ತಿ ಎಂದರೇನೇ ಸರಿ.

ಬೆಳಗಿನ ಹೊತ್ತು ಹಕ್ಕಿಗಳದು. ಮಡಿವಾಳ ಹಕ್ಕಿ ತಂತಿಯ ಮೇಲೆ ಕುಳಿತು ಹಾಡುತ್ತಿತ್ತು. ಆಲದ ಮರದಲ್ಲಿ ಕಂಚುಗಾರ ಹಕ್ಕಿಯ ಟುಕ್ ಟುಕ್ ಸದ್ದು. ಕೋಗಿಲೆಯ ಕಂಠವನ್ನು ಹೆಣ್ಣುದನಿಗೆ ಹೋಲಿಸುವುದು ನಮ್ಮಲ್ಲಿ ವಾಡಿಕೆ. ಕುಹೂ ಎನ್ನುವುದು ಮಾತ್ರ ಕಪ್ಪು ಮೈಯ ಗಂಡು. ಹೆಣ್ಣು ಕಂದುಬಣ್ಣದ್ದು, ಮೈಮೇಲೆ ಬಿಳಿಯ ಚುಕ್ಕೆ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಜಾಣೆ.

ಬಿಸಿಲೇರಿ ಮೈ ಕಾಯದ ಹೊರತು ಪಾತರಗಿತ್ತಿ ಹಾರಲಾರದು. ಒಂಬತ್ತರ ಸುಮಾರಿಗೆ ಎಕ್ಕದ ಗಿಡದ ಬಳಿ ಕಿತ್ತಳೆ ಬಣ್ಣದ್ದೊಂದು ಅವಸರವಿಲ್ಲದೆ ಸುಳಿದಾಡುತ್ತಿತ್ತು. ಇದರ ಮರಿಹುಳ ಎಕ್ಕದ ಎಲೆಯನ್ನೇ ಉಂಡು, ಆ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ರುಚಿ ಕಂಡ ಹಕ್ಕಿ ಮತ್ತೆ ಮುಟ್ಟುವುದಿಲ್ಲ. ಇದನ್ನು ಬಲ್ಲಂತೆ ಬೇರೊಂದು ಜಾತಿಯ ಹೆಣ್ಣು ಇದೇ ವೇಷವನ್ನು ತೊಟ್ಟು ಬದುಕಿಕೊಳ್ಳುತ್ತದೆ.

ಮಧ್ಯಾಹ್ನ ಪ್ರಸಾದಕ್ಕೆ ಆಪ್ತರೊಬ್ಬರ ಮನೆಗೆ ಹೋದೆವು. ಹಿತ್ತಲಿನ ಎಳೆಯ ಪತ್ರಿಗಿಡದ ಚಿಗುರೆಲ್ಲ ತೂತುಬಿದ್ದಿತ್ತು. ಮನೆಯ ತಾಯಿ, "ಅಜ್ಜಾರ, ಹುಳ ತಿಂದ ಪತ್ರಿ ಲಿಂಗಕ್ಕ ಹ್ಯಾಂಗ ಏರಸೂದ್ರೀ? ಸಂಜೀಕ ಎಣ್ಣಿ ಹೊಡಸ್ತೀವ್ರಿ" ಎಂದರು. ಅವರ ಸಂಕಟ ಸುಳ್ಳಲ್ಲ. ಹರಿದ ಪತ್ರೆಯನ್ನು ಪೂಜೆಗೆ ಯಾರೂ ಎತ್ತಿಕೊಳ್ಳುವುದಿಲ್ಲ. ತರುಣನು ಎಲೆಯನ್ನು ಮಗುಚಿ ತೋರಿಸಿದ. ಹಕ್ಕಿಯ ಹಿಕ್ಕೆಯಂತೆ ಕಾಣುವ ಚಿಕ್ಕ ಹುಳಗಳು, ಪಕ್ಕದಲ್ಲಿ ಬಲಿತು ಹಸಿರಾದ ಎರಡು. ಕಪ್ಪು-ಹಳದಿ ರೆಕ್ಕೆಯ ನಿಂಬೆ ಪಾತರಗಿತ್ತಿಯ ಮಕ್ಕಳಿವು. ಬಿಲ್ವ, ನಿಂಬೆ, ಕರಿಬೇವು ಒಂದೇ ಕುಲದ ಗಿಡಗಳಾದುದರಿಂದ ಮೂರೂ ಇವಕ್ಕೆ ಆಹಾರವೇ.

"ತಾಯಿ, ವಿಷ ಬಿದ್ದ ಎಲೆಯನ್ನು ಅಂಗೈಯ ಮೇಲಿನ ಲಿಂಗಕ್ಕೆ ಏರಿಸುವುದು ಹೇಗೆ?" ಎಂದು ನಾವು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಹಂಗಾರ ಇವನ್ನ ಎಲ್ಲಿ ಒಗೀಲ್ರಿ?" ಎಂದರು. ಬೇಲಿಯ ಬಳಿ ದೊಡ್ಡ ನಿಂಬೆಯ ಗಿಡವಿತ್ತು. ಹುಳಗಳನ್ನು ಎಲೆಸಹಿತ ಅಲ್ಲಿಗೆ ಸಾಗಿಸಿದೆವು. ಎರಡು ಮೂರು ವಾರದಲ್ಲಿ ಅವು ಉಣ್ಣುವುದನ್ನು ಬಿಟ್ಟು ಕೋಶ ಕಟ್ಟುತ್ತವೆ. ಪತ್ರಿಗಿಡ ಮಳೆಗಾಲಕ್ಕೆ ಮತ್ತೆ ಚಿಗುರುತ್ತದೆ.

ಸಂಜೆ ಅದೇ ಹಿತ್ತಲಿನಲ್ಲಿ ಬಿಳಿಯ ಧೋತರವನ್ನು ಇಳಿಬಿಟ್ಟು ದೀಪ ಹಚ್ಚಿದೆವು. ಪಾತರಗಿತ್ತಿಯ ಮೀಸೆಯ ತುದಿ ಗುಂಡಾದರೆ, ಪತಂಗದ ಮೀಸೆ ನೂಲಿನಂತೆ ಇಲ್ಲವೆ ಗರಿಯಂತೆ. ಬೂದುಬಣ್ಣದ ಸಣ್ಣವು ಹಲವು ಬಂದ ಮೇಲೆ, ಹಸಿರು ಅಮೃತಶಿಲೆಯ ತುಣುಕಿನಂಥ ದೊಡ್ಡದೊಂದು ಬಂದು ಕೂತಿತು. ಕಣಗಿಲೆ, ನಂದಿಬಟ್ಟಲುಗಳ ಎಲೆ ತಿಂದು ಬೆಳೆಯುವ ಪತಂಗವಿದು. ಮನೆಯ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು.

ಒಂಬತ್ತಕ್ಕೆ ದೀಪ ಆರಿಸಿದೆವು. ಬೆಳಕಿಗೆ ಮರುಳಾದ ಪತಂಗ ರಾತ್ರಿಯೆಲ್ಲ ಅಲ್ಲಿಯೇ ಸುತ್ತಿ ಬಳಲಿ, ಹಲ್ಲಿಗೋ ಬೆಳಗಿನ ಹಕ್ಕಿಗೋ ತುತ್ತಾಗುತ್ತದೆ. ಅಂಗಳದ ದೀಪವನ್ನು ಕೂಡ ಆರಿಸಿ ಬಂದವರು ಆ ತಾಯಿಯೇ.