ಕಣಗಿನಹಾಳದ ದಾರಿಯಲ್ಲಿ ಮೀನಿನ ಲೆಕ್ಕ

ಗದಗ ತಾಲ್ಲೂಕಿನ ಕಣಗಿನಹಾಳವನ್ನು ಹೊರಗಿನವರು ಬಲ್ಲದ್ದು ಸಹಕಾರ ಸಂಘದಿಂದ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಅಸಲು, ಬಡ್ಡಿಯ ಲೆಕ್ಕ ಈ ಊರಿಗೆ ಹೊಸದಲ್ಲ.

ಸುತ್ತೆಲ್ಲ ಎರೆಭೂಮಿ. ಮಳೆಗಾಲದಲ್ಲಿ ಕಾಲಿಗಂಟಿ ಬಿಡದ, ಬೇಸಿಗೆಯಲ್ಲಿ ಬಿರುಕು ಬಿಡುವ ಮಣ್ಣು. ಈ ಜಿಗುಟು ಮಣ್ಣಿನಿಂದಾಗಿ ಕೆರೆ, ಹೊಂಡದ ನೀರು ಬೇಗ ಇಂಗುವುದಿಲ್ಲ. ಆದರೆ ರಾಡಿ ನೀರಿನ ಆಳಕ್ಕೆ ಬಿಸಿಲು ಇಳಿಯದು. ಬಿಸಿಲಿಲ್ಲದೆ ಮೀನಿನ ಮೇವಾದ ಸೂಕ್ಷ್ಮ ಪಾಚಿ ಬೆಳೆಯದು.

ಈ ಸೀಮೆಯ ಕೆರೆ ದಂಡೆಗಳಲ್ಲಿ ಗಾಳ ಹಿಡಿದು ಕುಳಿತವರ ಕೈಗೆ ಬೆರಳುದ್ದದ ಜಿಲೇಬಿ ಮೀನು ಸಿಕ್ಕರೆ, ‘ಇನ್ನೂ ಮರಿ, ಬೆಳೆಯಲಿ’ ಎಂದು ನೀರಿಗೆ ಬಿಡುವುದುಂಟು. ಮನಸ್ಸು ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು. ಅದು ಮರಿಯಲ್ಲ, ಹಲವು ಸಲ ಮರಿ ಹಾಕಿದ ತಾಯಿಯೂ ಆಗಿರಬಹುದು!

ಜಿಲೇಬಿ, ಅಂದರೆ ತಿಲಾಪಿಯ, ಆಫ್ರಿಕ ಮೂಲದ್ದು. 1952ರಲ್ಲಿ ಭಾರತಕ್ಕೆ ತಂದದ್ದು. ಎರಡು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ವರ್ಷದಲ್ಲಿ ಹಲವು ಸಲ ಮೊಟ್ಟೆಯಿಡುತ್ತದೆ. ಹೆಣ್ಣು ಮೊಟ್ಟೆ ಮರಿಗಳನ್ನು ಬಾಯೊಳಗಿಟ್ಟುಕೊಂಡು ಕಾಯುತ್ತದೆ. ಅಷ್ಟು ದಿನ ಹೆಚ್ಚುಕಡಿಮೆ ಉಪವಾಸ. ಸಂಸಾರ ಹೆಚ್ಚಿದಂತೆ ಮೇವು ಹಂಚಿಹೋಗಿ ಕೆರೆಯ ಮೀನೆಲ್ಲ ಗಿಡ್ಡಾಗುತ್ತವೆ. ಇಲ್ಲಿ ಚಿಕ್ಕದನ್ನು ಬಿಡುವುದಕ್ಕಿಂತ ಹಿಡಿಯುವುದೇ ಉಳಿದವಕ್ಕೆ ಉಪಕಾರ.

ಕಾಟ್ಲಾ, ರೋಹುಗಳದು ಇದಕ್ಕೆ ತದ್ವಿರುದ್ಧ. ಇವು ಮೊಟ್ಟೆಯಿಡುವುದು ಮುಂಗಾರಿನಲ್ಲಿ ಉಕ್ಕಿ ಹರಿಯುವ ನದಿಯಲ್ಲಿ. ನಿಂತ ಹೊಂಡದಲ್ಲಿ ಸಂಸಾರ ಹೆಚ್ಚುವ ಮಾತಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ಕೆರೆಗೆ ಬಿತ್ತಲು ಮರಿ ಸಿಗುವುದು ಸುಲಭವಾಯಿತು. ಒಳ್ಳೆಯ ಮೇವು, ಜಾಗ ಸಿಕ್ಕರೆ ಕಾಟ್ಲಾ ಒಂದು ವರ್ಷದಲ್ಲಿ ಸುಮಾರು 1 ಕಿಲೋ ತೂಗುತ್ತದೆ. ಅದರ ಗೇಣುದ್ದದ ಮರಿ ಗಾಳಕ್ಕೆ ಬಿದ್ದರೆ ಬಿಟ್ಟುಬಿಡುವುದೇ ಲಾಭ. ಏಕೆಂದರೆ ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಯಾವ ಸಂಘವೂ ಕೊಡಲಾಗದ ಬಡ್ಡಿ ಇದು!

ವಯಸ್ಸು ತಿಳಿಯಲು ಪಾಶ್ಚಾತ್ಯರು ಮೀನಿನ ಹುರುಪೆಯ ಮೇಲಿನ ಉಂಗುರಗಳನ್ನು ಎಣಿಸುತ್ತಾರೆ. ಅಮೆರಿಕದ ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಚಳಿಗಾಲದಲ್ಲಿ ಬೆಳೆಯುವುದನ್ನೇ ನಿಲ್ಲಿಸುವುದರಿಂದ ಅಲ್ಲಿ ವರ್ಷಕ್ಕೊಂದು ಗೆರೆ ಸ್ಪಷ್ಟ. ಹಿಮ ಬೀಳದ ನಮ್ಮ ಬಯಲಿನಲ್ಲಿ ಬರಗಾಲ, ಮೇವಿನ ಕೊರತೆ, ಮೊಟ್ಟೆಯಿಡುವ ಕಾಲ ಎಲ್ಲವೂ ಗೆರೆ ಮೂಡಿಸಬಹುದು. ಎಣಿಸಿ ಮೋಸ ಹೋದಾರು.

ಗಾಳ ಹಾಕುವ ಮುನ್ನ ವಿಚಾರಿಸಬೇಕಾದ್ದೊಂದಿದೆ: ಹಲವು ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಹಿಡಿದ ಜಿಲೇಬಿಯನ್ನು ಜೀವಂತವಾಗಿ ಬೇರೆ ಹೊಂಡಕ್ಕೆ ಒಯ್ದು ಬಿಡುವುದಂತೂ ಬೇಡವೇ ಬೇಡ.

ಬೇಸಿಗೆಗೆ ಪೂರ್ತಿ ಒಣಗುವ ಹೊಂಡಗಳಿಗೆ ಒಂದು ಅನುಕೂಲವುಂಟು, ಜಿಲೇಬಿಯ ಸಂತತಿ ಅಲ್ಲಿಗೆ ಅಳಿಯುತ್ತದೆ. ಹೊಸ ನೀರಿಗೆ ಬಿಟ್ಟ ಕಾಟ್ಲಾ ಮರಿಗೆ ಇಡೀ ಹೊಂಡದ ಮೇವು ತನ್ನದೇ. ಆದರೆ ನೀರು ನಿಲ್ಲುವುದು ಏಳೆಂಟು ತಿಂಗಳಾದರೆ ನುಸಿಯಂಥ ಮರಿ ಬಿಟ್ಟು ಪ್ರಯೋಜನವಿಲ್ಲ. ಬೆರಳುದ್ದ ಬೆಳೆದ ಮರಿಗಳನ್ನು, ಅವನ್ನೂ ಕಡಿಮೆ ಸಂಖ್ಯೆಯಲ್ಲಿ, ಮೊದಲ ಮಳೆಯ ನೀರು ತುಂಬುತ್ತಲೇ ಬಿಡಬೇಕು.